ಫೂ ಫೈಟರ್ಸ್‌ನ ‘ದಿ ಕಲರ್ ಆ್ಯಂಡ್ ದಿ ಶೇಪ್’: ಈ ಕಹಿ ಯಾರ ಮೇಲಿನದು?

ಮೂರನೇ ತಂತಿ

ಒಂದು ವಾರದಿಂದ ಬೇರೆ ಏನನ್ನೂ ಕೇಳಿಲ್ಲ. ಅಮೆರಿಕದ ಫೂ ಫೈಟರ್ಸ್ ತಂಡದ ಎರಡನೆಯ ಆಲ್ಬಂ, ‘ದಿ ಕಲರ್ ಆ್ಯಂಡ್ ದಿ ಶೇಪ್’. 1997ರ ಮೇ 20ರಂದು ಬಂದದ್ದು, ಒಟ್ಟು ಹದಿಮೂರು ಹಾಡು. ಹಾಡುಗಾರ ಡೇವ್ ಗ್ರೋಲ್‌ನ ಮೊದಲ ಮದುವೆ ಮುರಿಯುತ್ತಿದ್ದ ತಿಂಗಳುಗಳಲ್ಲೇ ಇದರ ಧ್ವನಿಮುದ್ರಣ ನಡೆಯಿತು. ಅದಕ್ಕೇ ಇದಕ್ಕೆ ‘ವಿಚ್ಛೇದನದ ಆಲ್ಬಂ’ ಎಂಬ ಹಣೆಪಟ್ಟಿ ಅಂಟಿಕೊಂಡಿದೆ.

ನನಗೊಂದು ಅನುಮಾನ. ಪ್ರೀತಿ ಕೆಟ್ಟ ಮೇಲೆ ಹುಟ್ಟುವ ಹಾರ್ಡ್ ರಾಕ್ ಹಾಡುಗಳಲ್ಲಿ ಸಾಮಾನ್ಯವಾಗಿ ಒಬ್ಬಳು ಅಪರಾಧಿ ಇರುತ್ತಾಳೆ. ಬಿಟ್ಟುಹೋದವಳು, ಮೋಸ ಮಾಡಿದವಳು, ಕಲ್ಲೆದೆಯವಳು. ಗಿಟಾರ್ ಜೋರಾದಷ್ಟೂ ಅವಳ ತಪ್ಪು ಬೆಳೆಯುತ್ತದೆ, ಹಾಡುವವನು ಸಜ್ಜನನಾಗುತ್ತಾ ಹೋಗುತ್ತಾನೆ. ಈ ಆಲ್ಬಮ್ಮಿನಲ್ಲಿ ಅವಳನ್ನು ಹುಡುಕಿದೆ. ಸಿಗಲಿಲ್ಲ. ಹಾಗಾದರೆ ಇಷ್ಟೊಂದು ಕಿರುಚಾಟ ಯಾರ ಮೇಲೆ?

ನಿಮ್ಮ ಕಿವಿಗೆ ಏನು ಕೇಳಿಸಿತು, ಹೇಳಿ. ವಿಕಿಪೀಡಿಯ ನಾನೂ ಓದಬಲ್ಲೆ.

ಕಹಿಬೇವು

ಉತ್ತರ ಸುಲಭ: ಯಾರ ಮೇಲೂ ಅಲ್ಲ, ಏಕೆಂದರೆ ಇದರಲ್ಲಿ ಕಹಿಯೇ ಇಲ್ಲ. ಇದು ರೇಡಿಯೊಗೆಂದು ಹೊಳಪು ಕೊಟ್ಟ ಸರಕು. ಅಮೆರಿಕದ ಮಾರಾಟ ಪಟ್ಟಿಯಲ್ಲಿ 10ನೆಯ ಸ್ಥಾನ, ಬ್ರಿಟನ್ನಿನಲ್ಲಿ 3ನೆಯ ಸ್ಥಾನ. ನಿಜವಾದ ಕಹಿಯನ್ನು ಜನ ಅಷ್ಟು ಬೇಗ ಮನೆಗೆ ಒಯ್ಯುವುದಿಲ್ಲ.

ಕಹಿ ಬೇಕಾದರೆ ಆಫ್ಘನ್ ವಿಗ್ಸ್ ತಂಡದ 1993ರ ‘ಜೆಂಟಲ್‌ಮೆನ್’ ಕೇಳಿ. ಅಲ್ಲಿ ತಂಡದ ಹಾಡುಗಾರ ಗ್ರೆಗ್ ಡುಲ್ಲಿ ತನ್ನನ್ನು ತಾನೇ ಖಳನಾಯಕ ಮಾಡಿಕೊಂಡು ನಿಂತಿದ್ದಾನೆ. ಒಂದು ಹಾಡು ತನಗೆ ತೀರಾ ಹತ್ತಿರವಾಯಿತೆಂದು ತಾನು ಹಾಡದೆ ಮಾರ್ಸಿ ಮೇಸ್ ಎಂಬ ಗಾಯಕಿಯಿಂದ ಹಾಡಿಸಿದ. ಗಂಡಸು ಬರೆದ ಪಶ್ಚಾತ್ತಾಪ ಹೆಂಗಸಿನ ಬಾಯಲ್ಲಿ ಬಂದಾಗ ಅದು ಆರೋಪವಾಗಿಬಿಡುತ್ತದೆ. ಕೇಳಿದ ಮೇಲೆ ಸ್ವಲ್ಪ ಹೊತ್ತು ಯಾರೊಡನೆಯೂ ಮಾತು ಬೇಡ ಎನಿಸುತ್ತದೆ. ಗ್ರೋಲ್‌ನ ಆಲ್ಬಂ ಮುಗಿದಾಗ ನನಗೆ ಹಸಿವಾಗುತ್ತದೆ, ಅಷ್ಟೇ.

ಅರ್ಧಸ್ವರ

ಕಹಿಬೇವು ಅವರೇ, ನಿಮ್ಮ ಎರಡು ಆಲ್ಬಂಗಳೂ ದಾಯಾದಿಗಳೇ. ಫೂ ಫೈಟರ್ಸ್‌ನ 1995ರ ಮೊದಲ ಆಲ್ಬಮ್ಮನ್ನು ಗ್ರೋಲ್ ಹೆಚ್ಚುಕಡಿಮೆ ಒಬ್ಬನೇ ನುಡಿಸಿದ. ಡ್ರಮ್ಸ್, ಗಿಟಾರ್, ಬೇಸ್, ಹಾಡು, ಎಲ್ಲವೂ ಅವನದೇ. ಅದರಲ್ಲಿ ಹೊರಗಿನವರು ಯಾರಾದರೂ ನುಡಿಸಿದ್ದರೆ ಅದು ಒಂದೇ ಒಂದು ಹಾಡಿನ ಗಿಟಾರ್. ನುಡಿಸಿದವನು ಯಾರು ಗೊತ್ತೇ? ನಿಮ್ಮ ಗ್ರೆಗ್ ಡುಲ್ಲಿ!

ಕಹಿಬೇವು

ಇದು ನನಗೆ ಗೊತ್ತಿರಲಿಲ್ಲ. ಮುಂದುವರಿಸಿ.

ಅರ್ಧಸ್ವರ

ಹೊಳಪಿನ ವಿಷಯ. ನಿರ್ಮಾಪಕ ಗಿಲ್ ನಾರ್ಟನ್, ಲಿವರ್‌ಪೂಲಿನವನು. ಪಿಕ್ಸೀಸ್ ತಂಡದ 1989ರ ‘ಡೂಲಿಟ್ಲ್’ ಇವನ ಕೈಯಲ್ಲೇ ಆದದ್ದು. ಪಿಸುಮಾತಿನಲ್ಲಿ ಶುರುವಾಗಿ ಇದ್ದಕ್ಕಿದ್ದಂತೆ ಬಾಂಬು ಸಿಡಿದ ಹಾಗೆ ಏರುವ ಆ ಕಟ್ಟುಪಾಡು ಪಿಕ್ಸೀಸ್‌ನಿಂದ ನಿರ್ವಾಣ ಎಂಬ ರಾಕ್ ತಂಡಕ್ಕೆ ಬಂತು. ನಿರ್ವಾಣದ ಡ್ರಮ್ಮರ್ ಆಗಿದ್ದ ಗ್ರೋಲ್ ಅದರ ಮೂಲಕ್ಕೇ ಹೋಗಿ ನಾರ್ಟನ್‌ನನ್ನು ಕರೆತಂದ. ನಾರ್ಟನ್ ಬಹಳ ಕಟ್ಟುನಿಟ್ಟಿನ ಮನುಷ್ಯ, ಒಂದೇ ಭಾಗವನ್ನು ಮತ್ತೆ ಮತ್ತೆ ನುಡಿಸುವಂತೆ ಮಾಡುತ್ತಿದ್ದ. ನೀವು ಹೊಳಪು ಎಂದದ್ದು ಆ ಉಜ್ಜಾಟದ ಫಲ. ಆಲ್ಬಮ್ಮಿನ ಹೆಸರಿನಲ್ಲಿ ‘ಕಲರ್’ ಪದಕ್ಕೆ ಬ್ರಿಟಿಷ್ ಕಾಗುಣಿತ ಬಳಸಿದ್ದೂ ಅವನ ಗೌರವಾರ್ಥವೇ.

ಹೆಸರಿನ ಹಿಂದೆ ಗಹನವಾದ ಅರ್ಥ ಹುಡುಕಬೇಡಿ. ಪ್ರವಾಸದ ವ್ಯವಸ್ಥಾಪಕ ಹಳೆಯ ಸಾಮಾನಿನ ಅಂಗಡಿಯಿಂದ ಕೆಂಪು-ಬಿಳಿ ಪಟ್ಟೆಯ ಒಂದು ಬೌಲಿಂಗ್ ಪಿನ್ ತಂದನಂತೆ. ಏಕೆ ತಂದೆ ಎಂದು ಕೇಳಿದ್ದಕ್ಕೆ, ಅದರ ಬಣ್ಣ ಮತ್ತು ಆಕಾರ ಇಷ್ಟವಾಯಿತು ಎಂದನಂತೆ. ತಂಡದವರು ಬಿದ್ದು ಬಿದ್ದು ನಕ್ಕು ಅದನ್ನೇ ಇಟ್ಟುಬಿಟ್ಟರು. ಮದುವೆ ಮುರಿದ ಆಲ್ಬಮ್ಮಿಗೆ ಇಂಥ ಹೆಸರು!

ಅಳಿಸಿದ ಸಾಲು

ನಾನು ಇಲ್ಲಿ ಹೆಚ್ಚು ಬರೆಯುವವಳಲ್ಲ, ಓದಿ ಹೋಗುವವಳು. ಕಹಿಬೇವು ಅವರ ಮಾತಿಗೆ ಮಾತ್ರ ಸುಮ್ಮನಿರಲಾಗಲಿಲ್ಲ.

ನನ್ನ ಮದುವೆ ಮುರಿದ ಆರು ತಿಂಗಳಲ್ಲಿ ನಾನು ಆತನ ಮೇಲೆ ಸಿಟ್ಟಾದದ್ದು ಕಡಿಮೆ. ಸಿಟ್ಟೆಲ್ಲ ವಸ್ತುಗಳ ಮೇಲೆ. ಒಂದು ಡಬ್ಬಿಯ ಮುಚ್ಚಳ ತೆರೆಯಲಿಲ್ಲವೆಂದು ಅದನ್ನು ಗೋಡೆಗೆ ಎಸೆದಿದ್ದೇನೆ. ಎಸೆದ ಮೇಲೆ ಮುಚ್ಚಳ ತೆರೆದುಕೊಂಡಿತ್ತು, ಡಬ್ಬಿ ಸೀಳಿತ್ತು. ಅದನ್ನು ಒರೆಸುತ್ತಾ ಕುಳಿತಾಗ ಗೊತ್ತಾಯಿತು, ನಾನು ನನ್ನ ಮೇಲೇ ಸಿಟ್ಟಾಗಿದ್ದೆ ಎಂದು. ಅಷ್ಟು ಬೇಗ ‘ಹೌದು’ ಎಂದದ್ದಕ್ಕೆ, ಅಷ್ಟು ತಡವಾಗಿ ‘ಇಲ್ಲ’ ಎಂದದ್ದಕ್ಕೆ.

ಈ ಆಲ್ಬಮ್ಮಿನ ಎರಡನೆಯ ಹಾಡು, ‘ಮಂಕಿ ರೆಂಚ್’, ಆ ದಿನಗಳಲ್ಲಿ ಕಾರಿನ ಗಾಜು ಏರಿಸಿಕೊಂಡು ಕೇಳುತ್ತಿದ್ದ ಹಾಡು. ಅದರ ನಡುವೆ ಗ್ರೋಲ್ ಉಸಿರು ಬಿಡದೆ ಒಂದೇ ದಮ್ಮಿಗೆ ಸಾಲು ಸಾಲಾಗಿ ಕಿರುಚುತ್ತಾನಲ್ಲ, ಅದರ ಜೊತೆ ನಾನೂ ಕಿರುಚಲು ನೋಡುತ್ತಿದ್ದೆ. ಪ್ರತಿ ಸಲವೂ ಅರ್ಧಕ್ಕೇ ನನ್ನ ಉಸಿರು ಮುಗಿಯುತ್ತಿತ್ತು. ಉಳಿದರ್ಧವನ್ನು ಅವನು ನನ್ನ ಪರವಾಗಿ ಕಿರುಚುತ್ತಿದ್ದ ಎನ್ನಿ. ಹಸಿವಾಗುತ್ತದೆ ಎಂದಿರಲ್ಲ, ನನಗೂ ಆಗುತ್ತಿತ್ತು. ಬೆಳಗಿನಿಂದ ಏನೂ ತಿಂದಿರುತ್ತಿರಲಿಲ್ಲ.

ಕಹಿಬೇವು

ಕ್ಷಮಿಸಿ. ಹಗುರವಾಗಿ ಬರೆದುಬಿಟ್ಟೆ.

ಅಳಿಸಿದ ಸಾಲು

ಅಯ್ಯೋ, ಕ್ಷಮೆ ಬೇಡ. ಹಗುರವಾಗಿಯೇ ಬರೆಯಿರಿ. ಈ ವಿಷಯವನ್ನು ಗಂಭೀರವಾಗಿ ಮಾತಾಡುವವರನ್ನು ಕಂಡರೆ ಈಗಲೂ ಓಡಿಹೋಗುತ್ತೇನೆ.

ಮೂರನೇ ತಂತಿ

ನಾನು ಹುಡುಕುತ್ತಿದ್ದದ್ದು ಇದನ್ನೇ. ‘ಮಂಕಿ ರೆಂಚ್’ ಎಂದರೆ ತಿರುಪು ಬಿಗಿಮಾಡುವ ದೊಡ್ಡ ಸ್ಪ್ಯಾನರ್. ಓಡುತ್ತಿರುವ ಯಂತ್ರದೊಳಗೆ ಅದನ್ನು ಎಸೆದರೆ ಹಲ್ಲುಚಕ್ರ ಮುರಿದು ಎಲ್ಲವೂ ನಿಲ್ಲುತ್ತದೆ. ಹಾಡಿನ ಬಗ್ಗೆ ಗ್ರೋಲ್ ಹೇಳಿದ್ದೂ ಅದೇ ಅರ್ಥದಲ್ಲಿ: ಸಂಬಂಧದ ಎಲ್ಲ ತೊಂದರೆಗೂ ಮೂಲ ತಾನೇ ಎಂದು ತಿಳಿದವನು, ಇನ್ನೊಬ್ಬರ ಮೇಲಿನ ಪ್ರೀತಿಗಾಗಿಯೇ ಆ ತೊಂದರೆಯಿಂದ, ಎಂದರೆ ತನ್ನಿಂದಲೇ, ಅವರನ್ನು ಬಿಡಿಸಲು ನೋಡುವ ಹಾಡು ಅದು.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತೇವಲ್ಲ. ಈ ಹಾಡಿನ ಕೋತಿ ತನ್ನ ಬಾಯನ್ನೇ ತೋರಿಸಿಕೊಂಡು ನಿಂತಿದೆ. ಹಾಗಾಗಿಯೇ ಅಪರಾಧಿ ಹೆಣ್ಣು ನನಗೆ ಸಿಗಲಿಲ್ಲ.

ಒಗರು

ಕಹಿ ಎಂಬ ಪದವೇ ಇಲ್ಲಿ ಹೊಂದುವುದಿಲ್ಲ, ನನ್ನ ಹೆಸರೇ ಹೊಂದುತ್ತದೆ. ಕಹಿಯನ್ನು ಉಗಿಯಬಹುದು, ನೀರು ಕುಡಿದರೆ ಹೋಗುತ್ತದೆ. ಒಗರು ಬಾಯಿಯನ್ನೇ ಹಿಡಿದುಕೊಳ್ಳುತ್ತದೆ, ನಾಲಿಗೆ ದಪ್ಪವಾಗಿ ಮಾತು ಹೊರಳುವುದಿಲ್ಲ. ಆರನೆಯ ಹಾಡು ‘ಅಪ್ ಇನ್ ಆರ್ಮ್ಸ್’ ಕೇಳಿ. ಮೊದಲು ಜೋಲುಮುಖದ ನಿಧಾನ, ಆಮೇಲೆ ಅದೇ ರಾಗ ಬಾಲಕ್ಕೆ ಬೆಂಕಿ ಬಿದ್ದಂತೆ ಓಡುತ್ತದೆ. ಬೇಸರ ಪಡಬೇಕೋ ಕುಣಿಯಬೇಕೋ ಹಾಡಿಗೇ ಗೊತ್ತಿಲ್ಲ.

ಹೊಸ ಕಿವಿ

ನಾನು ಈ ತಂಡದ ಒಂದೇ ಒಂದು ಹಾಡು ಕೇಳಿರುವವನು, ‘ಎವರ್‌ಲಾಂಗ್’. ಅದು ಪ್ರೇಮಗೀತೆ ಎಂದುಕೊಂಡಿದ್ದೆ. ಗೆಳೆಯನೊಬ್ಬ ಅದನ್ನು ತನ್ನ ಮದುವೆಯಲ್ಲಿಯೂ ಹಾಕಿಸಿದ್ದ. ಇದು ವಿಚ್ಛೇದನದ ಆಲ್ಬಂ ಎಂದು ಈಗ ಗೊತ್ತಾಯಿತು. ಗೆಳೆಯನಿಗೆ ಹೇಳಲೇ ಬೇಡವೇ?

ಅರ್ಧಸ್ವರ

ಹೇಳಬೇಡಿ. ಅದು ಪ್ರೇಮಗೀತೆಯೇ. ಆದರೆ ಹುಟ್ಟಿದ ಜಾಗ ನೋಡಿ. 1996ರ ಕ್ರಿಸ್ಮಸ್ ಹೊತ್ತು. ವಾಷಿಂಗ್ಟನ್ ರಾಜ್ಯದ ವುಡಿನ್‌ವಿಲ್‌ನಲ್ಲಿ, ಹಳೆಯ ಕೊಟ್ಟಿಗೆಯನ್ನು ಸ್ಟುಡಿಯೊ ಮಾಡಿದ ಬೇರ್ ಕ್ರೀಕ್‌ನಲ್ಲಿ ನಡೆದ ಮೊದಲ ಸುತ್ತಿನ ಧ್ವನಿಮುದ್ರಣ ಸಮಾಧಾನ ತಂದಿರಲಿಲ್ಲ. ಹೆಂಡತಿಯಿಂದ ಬೇರೆಯಾಗಿದ್ದಾಗಿತ್ತು. ಗ್ರೋಲ್‌ಗೆ ಸ್ವಂತ ಮನೆಯಿಲ್ಲ, ಗೆಳೆಯನ ಮನೆಯ ನೆಲದ ಮೇಲೆ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗುತ್ತಿದ್ದ. ಆಗ ವೆರುಕಾ ಸಾಲ್ಟ್ ತಂಡದ ಲೂಯಿಸ್ ಪೋಸ್ಟ್ ಮೇಲೆ ಹುಟ್ಟಿದ ಹೊಸ ಪ್ರೀತಿಯ ಹಾಡು ಇದು. ಹಿನ್ನೆಲೆಯಲ್ಲಿ ತೇಲಿಬರುವ ಹೆಣ್ಣುದನಿ ಆಕೆಯದೇ. ಆಕೆ ಸ್ಟುಡಿಯೊದಲ್ಲಿರಲಿಲ್ಲ, ಫೋನಿನಲ್ಲಿ ಹಾಡಿದ್ದನ್ನು ಧ್ವನಿಮುದ್ರಿಸಿಕೊಂಡರು.

ಗಿಟಾರ್ ಹಿಡಿದವರಿಗೆ ಒಂದು ಮಾತು. ಆರನೆಯ ತಂತಿಯ ಶ್ರುತಿಯನ್ನು ‘ಇ’ಯಿಂದ ‘ಡಿ’ಗೆ ಇಳಿಸಿ ನುಡಿಸಬೇಕು. ಆಗ ಕೆಳಗಿನ ತಂತಿಗಳು ಒಂದಕ್ಕೊಂದು ಹೊಂದಿಕೊಂಡು ಗುಂಯ್‌ಗುಡುತ್ತವೆ, ತಂಬೂರಿ ಮೀಟುತ್ತಾ ಕುಳಿತ ಹಾಗೆ. ಆ ಮೊದಲ ಸ್ವರಗುಚ್ಛ (ಕಾರ್ಡ್) ಪೂರ್ತಿ ಸಂತೋಷದ್ದೂ ಅಲ್ಲ, ದುಃಖದ್ದೂ ಅಲ್ಲ. ಎಡಗೈ ಹೆಚ್ಚು ಕದಲುವುದಿಲ್ಲ, ಎರಡು ಬೆರಳು ಸ್ವಲ್ಪ ಅತ್ತಿತ್ತ ಸರಿಯುತ್ತವೆ. ಕಲಿಯಲು ಒಂದು ಸಂಜೆ ಸಾಕು. ಆ ಕಾತರ ಬರಿಸಲು ಎಷ್ಟು ವರ್ಷ ಬೇಕೋ ತಿಳಿಯದು, ನನಗಿನ್ನೂ ಬಂದಿಲ್ಲ.

ನಡುವೆ ಕೇಳಿಸುವ ಪಿಸುಮಾತು ಮೂರು ಪದರದ್ದು: ಒಂದು ಪ್ರೇಮಪತ್ರ, ಒಂದು ತಾಂತ್ರಿಕ ಕೈಪಿಡಿ, ಇನ್ನೊಂದು ಸ್ಟುಡಿಯೊ ಕೆಲಸಗಾರನೊಬ್ಬನ ತಂದೆಯ ಕಥೆ. ಮೂರನ್ನೂ ಒಟ್ಟಿಗೆ ಓದಿ ಒಂದರ ಮೇಲೊಂದು ಹಾಸಿದ್ದಾರೆ. ಪ್ರೇಮಪತ್ರದ ಒಂದು ಪದವೂ ಬಿಡಿಯಾಗಿ ಕೇಳಿಸುವುದಿಲ್ಲ.

ಹೊಸ ಕಿವಿ

ಅಂದರೆ ಹಳೆಯ ಮದುವೆಯ ಗಾಯ ಆರುವ ಮೊದಲೇ ಹೊಸ ಪ್ರೀತಿ. ಅದಾದರೂ ಉಳಿಯಿತೇ?

ಅರ್ಧಸ್ವರ

ಇಲ್ಲ. ಹಾಡು ಉಳಿಯಿತು. ಅಮೆರಿಕದ ಟಿವಿ ನಿರೂಪಕ ಡೇವಿಡ್ ಲೆಟರ್‌ಮನ್ ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿ 2000ರ ಫೆಬ್ರವರಿಯಲ್ಲಿ ಟಿವಿ ಕಾರ್ಯಕ್ರಮಕ್ಕೆ ಮರಳಿದ ರಾತ್ರಿ ಇದನ್ನೇ ನುಡಿಸಿದರು. ಆತನ ಕೊನೆಯ ಸಂಚಿಕೆಯೂ ಇದೇ ಹಾಡಿನಿಂದ ಮುಗಿಯಿತು. ಆ ದಿನ 2015ರ ಮೇ 20, ಆಲ್ಬಂ ಬಂದು ಸರಿಯಾಗಿ ಹದಿನೆಂಟು ವರ್ಷ.

ಲಯಗಾರ

ಇಷ್ಟು ಹೊತ್ತು ಸುಮ್ಮನಿದ್ದೆ, ಡ್ರಮ್ಸ್ ಮಾತು ಬರಲಿ ಎಂದು. ಬರಲಿಲ್ಲ. ಎಂದಿನಂತೆ ನಾವೇ ತರಬೇಕು.

ಮೂರನೇ ತಂತಿ ಅವರೇ, ಕೋತಿ ತನ್ನ ಬಾಯನ್ನೇ ತೋರಿಸಿಕೊಂಡಿದೆ ಎಂದಿರಿ. ಚೆನ್ನಾಗಿದೆ. ಆದರೆ ಈ ಕಥೆಯಲ್ಲಿ ಮೇಕೆಯೂ ಇದೆ. ಅದರ ಹೆಸರು ವಿಲಿಯಂ ಗೋಲ್ಡ್‌ಸ್ಮಿತ್.

ಮೊದಲ ಆಲ್ಬಮ್ಮನ್ನು ಒಬ್ಬನೇ ಮಾಡಿದ ಮೇಲೆ ವೇದಿಕೆಗೆ ತಂಡ ಬೇಕಲ್ಲ. ಸಿಯಾಟಲ್‌ನ ಸನ್ನಿ ಡೇ ರಿಯಲ್ ಎಸ್ಟೇಟ್ ತಂಡ ಒಡೆದಿತ್ತು. ಅಲ್ಲಿಂದ ಬೇಸ್ ನುಡಿಸುವ ನೇಟ್ ಮೆಂಡೆಲ್, ಡ್ರಮ್ಮರ್ ಗೋಲ್ಡ್‌ಸ್ಮಿತ್ ಇಬ್ಬರೂ ಬಂದರು. ಗಿಟಾರ್‌ಗೆ ಪ್ಯಾಟ್ ಸ್ಮಿಯರ್. ಊರೂರು ಸುತ್ತಿದರು. 1996ರ ಕೊನೆಯಲ್ಲಿ ಈ ಆಲ್ಬಮ್ಮಿಗೆಂದು ಬೇರ್ ಕ್ರೀಕ್ ಸೇರಿದರು. ನಾರ್ಟನ್ ಆ ಇಬ್ಬರನ್ನು ‘ಲಯವಿಲ್ಲದ ಲಯವಿಭಾಗ’ ಎಂದು ಛೇಡಿಸುತ್ತಿದ್ದ. ಒಂದು ಹಾಡನ್ನು 96 ಬಾರಿ ನುಡಿಸಿದೆ, ಇನ್ನೊಂದನ್ನು ಹದಿಮೂರು ಗಂಟೆ ನುಡಿಸಿದೆ ಎಂದು ಗೋಲ್ಡ್‌ಸ್ಮಿತ್ ಆಮೇಲೆ ಹೇಳಿಕೊಂಡಿದ್ದಾನೆ. ನಾನು ಹವ್ಯಾಸಿ. ಒಂದೇ ಹಾಡನ್ನು ಇಪ್ಪತ್ತು ಬಾರಿ ನುಡಿಸಿದ ದಿನ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದೆ. 96 ಎಂದರೆ ಅಭ್ಯಾಸವಲ್ಲ ಸ್ವಾಮಿ, ಶಿಕ್ಷೆ.

ನಿಮ್ಮ ಬೆನ್ನ ಹಿಂದೆ ಕುಳಿತು ಕೇಳುತ್ತಿರುವವನು ಯಾರು ಎಂಬುದನ್ನೂ ನೆನೆಯಿರಿ. ನಿರ್ವಾಣದ ಡ್ರಮ್ಮರ್! ಆತನಿಗೆ ಬೇಕಾದ ಹೊಡೆತ ಆತನ ತಲೆಯಲ್ಲಿ ಮೊದಲೇ ಕೇಳಿಸುತ್ತಿದೆ. ನಿಮ್ಮ ಕೈಯಿಂದ ಬರುವುದು ಎಂದೂ ಅದಾಗುವುದಿಲ್ಲ.

ಕ್ರಿಸ್ಮಸ್ ರಜೆ ಮುಗಿಯಿತು. 1997ರ ಆರಂಭದಲ್ಲಿ ಹಾಲಿವುಡ್‌ನ ಗ್ರ್ಯಾಂಡ್‌ಮಾಸ್ಟರ್ ಸ್ಟುಡಿಯೊದಲ್ಲಿ ಕೆಲಸ ಮತ್ತೆ ಶುರು. ಗೋಲ್ಡ್‌ಸ್ಮಿತ್ ಅಲ್ಲಿರಲಿಲ್ಲ. ಗ್ರೋಲ್ ಡ್ರಮ್ಸ್ ಮುಂದೆ ತಾನೇ ಕುಳಿತು ಒಂದಾದ ಮೇಲೊಂದು ಹಾಡನ್ನು ಮತ್ತೆ ನುಡಿಸಿದ. ಇದು ತನ್ನ ಬೆನ್ನ ಹಿಂದೆ ನಡೆಯಿತು ಎಂಬುದೇ ಗೋಲ್ಡ್‌ಸ್ಮಿತ್‌ನ ನೋವು. ಪ್ರವಾಸಕ್ಕೆ ಮಾತ್ರ ಬಾ ಎಂದರು. ತನ್ನದಲ್ಲದ ಹೊಡೆತಗಳನ್ನು ಊರೂರಿನಲ್ಲಿ ನುಡಿಸಬೇಕಿತ್ತು. ಆತ ಒಲ್ಲೆ ಎಂದು ಹೊರಟುಹೋದ.

ಈಗ ಹೇಳಿ. ಕೈಬಿಟ್ಟುಹೋದ ಪ್ರೀತಿಯ ಬಗ್ಗೆ ಎದೆಬಿರಿಯುವಂತೆ ಹಾಡುತ್ತಿದ್ದವನೇ, ಅದೇ ವಾರಗಳಲ್ಲಿ, ಒಬ್ಬ ಗೆಳೆಯನನ್ನು ಹೀಗೆ ಕೈಬಿಟ್ಟ.

ಮೂರನೇ ತಂತಿ

ಸ್ವಲ್ಪ ಸಮಯ ಕೊಡಿ.

ಕಹಿಬೇವು

ಇದಪ್ಪ ಕಹಿ! ಹಾಡಿನಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತದೆ, ಹಾಡಿನ ಹಿಂದಿನ ಕೋಣೆಯಲ್ಲಿತ್ತು.

ಹಳೆ ಕ್ಯಾಸೆಟ್

ಲಯಗಾರ ಅವರ ನ್ಯಾಯ ಸ್ವಲ್ಪ ಒಂದು ಕಡೆಗೆ ವಾಲಿದೆ. ಆಲ್ಬಂ ಕೆಟ್ಟರೆ ಹೊಣೆ ಹೊರಬೇಕಾದವನು ಗ್ರೋಲ್. ‘ಎವರ್‌ಲಾಂಗ್’ನ ಡ್ರಮ್ಸ್ ನೀವೇ ಬಿಡಿಸಿ ಹೇಳಿ, ಬೇರೆ ಯಾರಾದರೂ ಹಾಗೆ ನುಡಿಸುತ್ತಿದ್ದರೇ? ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವ ಮಾತು ಗೋಲ್ಡ್‌ಸ್ಮಿತ್‌ಗೆ ಒಪ್ಪುವುದಿಲ್ಲ, ಆತ ಒಳ್ಳೆಯ ಡ್ರಮ್ಮರ್. ಆದರೂ ಆ ಹಾಡಿಗೆ ಆ ಕೈ ಬೇಕಿತ್ತು.

ಲಯಗಾರ

ಒಪ್ಪುತ್ತೇನೆ, ಅದೇ ನನ್ನ ಸಂಕಟ. ಆ ಹಾಡಿನ ವೇಗ ನಿಮಿಷಕ್ಕೆ ಸುಮಾರು 158 ಬಡಿತ. ಹೈ-ಹ್ಯಾಟ್ ಎಂಬ ಜೋಡಿ ತಾಳದ ಮೇಲೆ ಒಂದು ಬಡಿತಕ್ಕೆ ನಾಲ್ಕು ಹೊಡೆತ. ಲೆಕ್ಕ ಹಾಕಿ, ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು. ಬಲ, ಎಡ, ಬಲ, ಎಡ. ನಡುವೆ ಸ್ನೇರ್ ಡ್ರಮ್ಮಿಗೆ ಹೋಗಿ ಅದೇ ಉಸಿರಿನಲ್ಲಿ ವಾಪಸ್ ಬರಬೇಕು, ಸರಪಳಿ ಕಡಿಯಬಾರದು. ಕೈ ಬಿಗಿಮಾಡಿದರೆ ಒಂದೇ ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ, ಸಡಿಲ ಬಿಟ್ಟರೆ ಜೋರು ಬರುವುದಿಲ್ಲ. ಗ್ರೋಲ್ ಅದನ್ನು ಮಳೆ ಸುರಿದಂತೆ ನುಡಿಸಿದ್ದಾನೆ. ಎದೆ ಡವಗುಟ್ಟುವವನೇ ನುಡಿಸಿದ್ದರಿಂದ ಅದು ಹಾಗಿದೆ.

ಅನ್ಯಾಯದಿಂದ ಹುಟ್ಟಿದ್ದು ಇಷ್ಟು ಚೆನ್ನಾಗಿ ಇರಬಾರದಿತ್ತು. ಕೆಟ್ಟದಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಒಗರು

ಆಮೇಲೆ ಬಂದ ಟೇಲರ್ ಹಾಕಿನ್ಸ್ ಬಗ್ಗೆಯೂ ಬರೆಯಿರಿ, ನೀವು ಬಿಟ್ಟರೆ ಬೇಸರವಾಗುತ್ತದೆ.

ಲಯಗಾರ

ಬಿಡುತ್ತೇನೆಯೇ! ಹಾಕಿನ್ಸ್ ಆಗ ಗಾಯಕಿ ಅಲಾನಿಸ್ ಮಾರಿಸೆಟ್ ಅವರ ಪ್ರವಾಸದ ಡ್ರಮ್ಮರ್. ಅಂದರೆ 1995ರ ‘ಜ್ಯಾಗ್ಡ್ ಲಿಟಲ್ ಪಿಲ್’ನ ಹಾಡುಗಳನ್ನು ಪ್ರತಿ ರಾತ್ರಿ ನುಡಿಸುತ್ತಿದ್ದವನು. ಬಿಟ್ಟುಹೋದವನಿಗೆ ಹೆಣ್ಣೊಬ್ಬಳು ಮುಖಕ್ಕೆ ಹೊಡೆದಂತೆ ಹಾಡಿದ ಆಲ್ಬಂ ಅದು. ಅದರಿಂದ ಇಳಿದು ಇದಕ್ಕೆ ಹತ್ತಿದ. ಯಾರಾದರೂ ಡ್ರಮ್ಮರ್ ಇದ್ದರೆ ಹೇಳು ಎಂದು ಗ್ರೋಲ್ ಫೋನ್ ಮಾಡಿದರೆ, ನಾನೇ ಬರುತ್ತೇನೆ ಎಂದುಬಿಟ್ಟ. ಗ್ರೋಲ್ ನುಡಿಸಿದ ಹೊಡೆತಗಳನ್ನು ಗ್ರೋಲ್‌ನ ಮುಂದೆಯೇ ಇಪ್ಪತ್ತೈದು ವರ್ಷ ನುಡಿಸಿದ. ಗೋಲ್ಡ್‌ಸ್ಮಿತ್ ಒಲ್ಲೆ ಎಂದ ಕೆಲಸವನ್ನು ನಗುನಗುತ್ತಾ ಮಾಡಿದ. 2022ರ ಮಾರ್ಚ್ 25ರಂದು ಕೊಲಂಬಿಯಾದ ಬೊಗೋಟಾದಲ್ಲಿ ತೀರಿಕೊಂಡ.

ಮರುವರ್ಷದ ‘ಬಟ್ ಹಿಯರ್ ವಿ ಆರ್’ ಆಲ್ಬಮ್ಮಿಗೆ ಡ್ರಮ್ಸ್ ನುಡಿಸಿದವನು ಮತ್ತೆ ಗ್ರೋಲ್. ಆ ಸಲ ಯಾರೂ ತಕರಾರು ಮಾಡಲಿಲ್ಲ.

ಅಳಿಸಿದ ಸಾಲು

ಲಯಗಾರ ಅವರ ಮೊದಲ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ಸುಳ್ಳಲ್ಲ.

ನಾನು ಕೆಟ್ಟುಹೋಗಿದ್ದ ಆ ಆರು ತಿಂಗಳಲ್ಲಿ ಒಬ್ಬ ಗೆಳತಿಯನ್ನು ಕಳೆದುಕೊಂಡೆ. ಆಕೆ ದಿನವೂ ಫೋನ್ ಮಾಡುತ್ತಿದ್ದಳು, ನಾನು ಎತ್ತುತ್ತಿರಲಿಲ್ಲ. ಒಂದು ದಿನ ಎತ್ತಿ, ನಿನಗೆ ಬೇರೆ ಕೆಲಸವಿಲ್ಲವೇ ಎಂದೆ. ಆಮೇಲೆ ಆಕೆಯ ಫೋನ್ ಬರಲಿಲ್ಲ. ಗಂಡನ ವಿಷಯವನ್ನು ಹತ್ತು ಜನರಿಗೆ ಹೇಳಿದ್ದೇನೆ, ಅಳುತ್ತಲೂ ಹೇಳಿದ್ದೇನೆ. ಗೆಳತಿಯ ವಿಷಯ ಬರೆಯುತ್ತಿರುವುದು ಇದೇ ಮೊದಲು. ನೊಂದಿದ್ದೇನೆ ಎಂಬುದು ಅಷ್ಟು ದೊಡ್ಡ ಪರವಾನಗಿಯಾಗಿತ್ತು ನನಗೆ.

ಗ್ರೋಲ್‌ನನ್ನು ಸಮರ್ಥಿಸುತ್ತಿಲ್ಲ. ಗೋಲ್ಡ್‌ಸ್ಮಿತ್ ಆಮೇಲೆ ಏನಾದ?

ಹಳೆ ಕ್ಯಾಸೆಟ್

ಸನ್ನಿ ಡೇ ರಿಯಲ್ ಎಸ್ಟೇಟ್ ಮತ್ತೆ ಕೂಡಿಕೊಂಡಿತು, ಅಲ್ಲಿಗೆ ಮರಳಿದ. 2011ರಲ್ಲಿ ಫೂ ಫೈಟರ್ಸ್ ಬಗ್ಗೆ ‘ಬ್ಯಾಕ್ ಆ್ಯಂಡ್ ಫೋರ್ತ್’ ಎಂಬ ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಗೋಲ್ಡ್‌ಸ್ಮಿತ್ ತನ್ನ ಕಡೆಯ ಕಥೆಯನ್ನು ತಾನೇ ಹೇಳುತ್ತಾನೆ. ತಂಡದ ಹೆಸರಿಗೆ ಮಸಿ ಬಳಿಯುವ ಮಾತನ್ನು ತಂಡದ್ದೇ ಚಿತ್ರದಲ್ಲಿ ಕತ್ತರಿಸದೆ ಬಿಟ್ಟರು ಎಂಬುದನ್ನು ಗ್ರೋಲ್‌ನ ಖಾತೆಗೆ ಜಮಾ ಮಾಡುತ್ತೇನೆ. ಸಾಲ ತೀರಿತು ಎನ್ನುತ್ತಿಲ್ಲ.

ಇನ್ನೊಂದು ಸಣ್ಣ ಸಂಗತಿ. ಮೊದಲ ಆಲ್ಬಮ್ಮಿನ ಮುಖಪುಟದಲ್ಲಿ ಒಂದು ಆಟಿಕೆ ಬಂದೂಕಿನ ಚಿತ್ರವಿದೆಯಲ್ಲ, ಅದನ್ನು ತೆಗೆದವರು ಗ್ರೋಲ್‌ನ ಅಂದಿನ ಪತ್ನಿ. ಆಕೆ ಛಾಯಾಗ್ರಾಹಕಿ. ಎರಡು ಆಲ್ಬಮ್ಮನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದರ ಮೇಲೆ ಆಕೆಯ ಕಣ್ಣಿದೆ, ಇನ್ನೊಂದರಲ್ಲಿ ಆಕೆಯಿಲ್ಲ. ವಿಚ್ಛೇದನದ ಬಗ್ಗೆ ಯಾವ ಸಾಲಿಗಿಂತಲೂ ಇದು ನನ್ನನ್ನು ಹೆಚ್ಚು ಕಾಡಿದೆ.

ಅರ್ಧಸ್ವರ

ಎಲ್ಲ ಹಾಡನ್ನೂ ವಿಚ್ಛೇದನಕ್ಕೆ ಗಂಟುಹಾಕಬೇಡಿ. ‘ವಿಂಡ್ ಅಪ್’ ಸಂದರ್ಶನಕಾರರ ಮೇಲಿನ ರೇಗಾಟ. ‘ಮೈ ಹೀರೋ’ ಸಾಮಾನ್ಯ ಮನುಷ್ಯರನ್ನು ಕುರಿತದ್ದು. ಆದರೆ ಹಾಡುಗಳ ಅನುಕ್ರಮವನ್ನು ಮನೋಚಿಕಿತ್ಸಕರ ಮುಂದೆ ಕುಳಿತ ರೋಗಿಯ ಮಾತಿನಂತೆ ಜೋಡಿಸಿದರು ಎಂಬುದು ನಿಜ. ಒಮ್ಮೆ ಅಬ್ಬರ, ಒಮ್ಮೆ ಬಿಕ್ಕು. ‘ವಾಕಿಂಗ್ ಆಫ್ಟರ್ ಯೂ’ ಬಂದಾಗ ತಂಡವೇ ಇಲ್ಲ, ಗ್ರೋಲ್ ಒಬ್ಬನೇ ನುಡಿಸಿ ಹಾಡಿದ್ದು ಹಾಗೆಯೇ ಉಳಿಯಿತು. ಮರುವರ್ಷ ‘ದಿ ಎಕ್ಸ್-ಫೈಲ್ಸ್’ ಸಿನಿಮಾಕ್ಕೆಂದು ತಂಡ ಅದನ್ನು ಮತ್ತೆ ನುಡಿಸಿತು, ಅದು ಇದಕ್ಕಿಂತ ಅಚ್ಚುಕಟ್ಟು. ನನಗೆ ಈ ಒರಟೇ ಸಾಕು.

ಕೊನೆಯ ‘ನ್ಯೂ ವೇ ಹೋಮ್’ನಲ್ಲಿ ಮನೆಗೆ ಹೋಗುವ ದಾರಿಯಲ್ಲಿ ಸಿಯಾಟಲ್‌ನ ಕಿಂಗ್‌ಡೋಮ್ ಕ್ರೀಡಾಂಗಣದ ಹೆಸರು ಬರುತ್ತದೆ. ಆ ಕ್ರೀಡಾಂಗಣವನ್ನು 2000ದ ಮಾರ್ಚ್‌ನಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. ಹೆಂಡತಿಯಿಲ್ಲದ ಮನೆಗೆ ಹೋಗುವ ದಾರಿಯ ಗುರುತೂ ಈಗಿಲ್ಲ.

ಹೊಸ ಕಿವಿ

ಹದಿಮೂರನ್ನೂ ಒಂದೇ ಸಲಕ್ಕೆ ಕೂತು ಕೇಳಿ ಮುಗಿಸಿದೆ. ಒಂದು ಪ್ರಶ್ನೆ ಕೇಳಿದರೆ ನಗಬೇಡಿ: ಆಲ್ಬಮ್ಮಿನ ಹೆಸರಿನ ಹಾಡು ಎಲ್ಲಿದೆ? ಪಟ್ಟಿಯಲ್ಲಿ ಕಾಣಲಿಲ್ಲ.

ಹಳೆ ಕ್ಯಾಸೆಟ್

ಆಲ್ಬಮ್ಮಿನಲ್ಲಿ ಇಲ್ಲ. ಗಂಟಲು ಹರಿಯುವಂತೆ ಕಿರುಚುವ ಹಾಡು ಅದು, ಹೊರಗೆ ಉಳಿಯಿತು. 2007ರಲ್ಲಿ ಹತ್ತು ವರ್ಷದ ನೆನಪಿಗೆ ಆರು ಹೆಚ್ಚುವರಿ ಹಾಡು ಸೇರಿಸಿ ಮರುಬಿಡುಗಡೆ ಮಾಡಿದರು, ಅದರಲ್ಲಿ ಸಿಗುತ್ತದೆ.

ಮೂರನೇ ತಂತಿ

ಸಮಯ ಕೇಳಿದ್ದೆ. ಮೂರು ದಿನ ಆಯಿತು.

ಲಯಗಾರ ಅವರೇ, ನಿಮ್ಮ ಬರಹದ ಮೇಲೆ ಮೊದಲು ಸಿಟ್ಟು ಬಂತು. ಇಷ್ಟದ ಆಲ್ಬಮ್ಮಿಗೆ ಯಾರೋ ಕೆಸರು ಮೆತ್ತಿದ ಹಾಗಾಯಿತು. ಆಮೇಲೆ ನನ್ನ ಮೊದಲ ಪ್ರಶ್ನೆಯನ್ನೇ ಮತ್ತೆ ಓದಿದೆ: ಕಿರುಚಾಟ ಯಾರ ಮೇಲೆ? ತನ್ನ ಮೇಲೆ ಎಂದು ನಾನೇ ಉತ್ತರ ಕೊಟ್ಟು ಹಿಗ್ಗಿದ್ದೆ. ತಪ್ಪೊಪ್ಪಿಕೊಂಡವನು ಒಳ್ಳೆಯವನು ಎಂದು ಅಲ್ಲಿಗೇ ಲೆಕ್ಕ ಮುಗಿಸಿದ್ದೆ. ಹೆಂಡತಿಯ ಮುಂದೆ ತಪ್ಪೊಪ್ಪಿಕೊಳ್ಳುತ್ತಿದ್ದ ಆ ದನಿಯ ಹಿಂದೆ ಡ್ರಮ್ಸ್ ಬಾರಿಸುತ್ತಿದ್ದ ಕೈ ಇನ್ನೊಂದು ತಪ್ಪನ್ನು ಮಾಡುತ್ತಲೇ ಇತ್ತು. ಬಾಯಿಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ.

ಒಂದು ವಿಷಯ ಕೇಳಬೇಕಿತ್ತು. ಗೋಲ್ಡ್‌ಸ್ಮಿತ್ ನುಡಿಸಿದ್ದು ಒಂದು ಹೊಡೆತವೂ ಉಳಿಯಲಿಲ್ಲವೇ?

ಲಯಗಾರ

ಉಳಿದಿದೆ. ಎರಡು ಕಡೆ. ಮೊದಲ ಹಾಡು ‘ಡಾಲ್’, ಒಂದು ನಿಮಿಷ ಇಪ್ಪತ್ತಮೂರು ಸೆಕೆಂಡಿನದು. ಆಲ್ಬಮ್ಮಿನ ಬಾಗಿಲು ತೆರೆಯುವವನು ಗೋಲ್ಡ್‌ಸ್ಮಿತ್‌ನೇ. ಇನ್ನೊಂದು ‘ಅಪ್ ಇನ್ ಆರ್ಮ್ಸ್’ನ ನಿಧಾನದ ಆರಂಭ. ಒಗರು ಅವರು ಜೋಲುಮುಖ ಎಂದದ್ದು ಆ ಭಾಗವನ್ನೇ. ಓಟ ಶುರುವಾದಾಗಿನಿಂದ ಗ್ರೋಲ್.

ಒಗರು

ನನಗೆ ಗೊತ್ತಿಲ್ಲದೆಯೇ ಬರೆದಿದ್ದೆ. ಮೈ ಜುಮ್ಮೆಂದಿತು.

ಮೂರನೇ ತಂತಿ

ನಿನ್ನೆ ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಆರನೆಯ ಹಾಡನ್ನು ನಾಲ್ಕು ಬಾರಿ ಕೇಳಿದೆ. ಮೊದಲ ಭಾಗದ ಡ್ರಮ್ಸ್‌ನಲ್ಲಿ ಅವಸರವಿಲ್ಲ, ಹಾಡಿನ ಪಕ್ಕದಲ್ಲಿ ಹೆಗಲು ತಾಗದ ಹಾಗೆ ನಡೆದು ಬರುತ್ತದೆ. ಆಮೇಲೆ ಓಟ. ನಾಲ್ಕನೆಯ ಬಾರಿ ಆ ತಿರುವು ಬರುವ ಮೊದಲೇ ನನ್ನ ಭುಜ ಬಿಗಿಯಾಯಿತು. ಇಷ್ಟು ವರ್ಷ ಅಲ್ಲಿಗೆ ಬಂದಾಗ ನಾನು ತಲೆ ಕುಣಿಸುತ್ತಿದ್ದೆ.

ಲಯಗಾರ

ಈಗಲೂ ಕುಣಿಸಿ. ನಾನೂ ಕುಣಿಸುತ್ತೇನೆ.

ಅಳಿಸಿದ ಸಾಲು

ಗೆಳತಿಯ ಸಂಖ್ಯೆ ಇನ್ನೂ ಮೊಬೈಲ್‌ನಲ್ಲಿದೆ. ಇವತ್ತು ಅದನ್ನು ತೆರೆದು ನೋಡಿದೆ. ಒತ್ತಲಿಲ್ಲ.

ಕಹಿಬೇವು

ಒತ್ತಿ. ನ್ಯಾಯ, ಪಶ್ಚಾತ್ತಾಪ ಎಲ್ಲ ಆಮೇಲೆ. ಮೊದಲು ಒತ್ತಿ.